ಗಣಿತದಲ್ಲಿ ಮೂವತ್ತಾರು, ಬ್ಯಾಂಕಿನಲ್ಲಿ ಮೂವತ್ತೈದು



ನಿವೃತ್ತನಾಗಿ ಊರು ಸೇರಿದ ಮೇಲೆ ಸಂಜೆ ಹೊತ್ತು ಕಾಮಗೆರೆಯ ಬಸ್ಸು ನಿಲ್ಲುವ ಜಾಗದ ಟೀ ಅಂಗಡಿಯಲ್ಲಿ ಒಂದು ಗಂಟೆ ಕೂರುವುದು ನನ್ನ ಅಭ್ಯಾಸ. ಎದುರಿಗೆ ಹನೂರಿನ ಬಸ್ಸು, ಮಾದಪ್ಪನ ಬೆಟ್ಟದ ಬಸ್ಸು, ಆಸ್ಪತ್ರೆಗೆ ಬಂದು ಹೋಗುವ ಜನ. ಬ್ಯಾಂಕಿನಲ್ಲಿದ್ದವನು ಎಂದು ಎಲ್ಲರಿಗೂ ಗೊತ್ತಿರುವುದರಿಂದ ಮಕ್ಕಳ ಕೆಲಸದ ಮಾತು ಎತ್ತಿಕೊಂಡು ಯಾರಾದರೊಬ್ಬರು ಬಂದೇ ಬರುತ್ತಾರೆ. ಈಚೆಗೆ ಒಂದು ಸಂಜೆ ಒಬ್ಬ ರೈತರು ಮಗಳನ್ನೂ ಕರೆದುಕೊಂಡು ಬಂದಿದ್ದರು. ಕೊಳ್ಳೇಗಾಲದಲ್ಲಿ ಬಿ.ಎ. ಓದುತ್ತಿರುವ ಹುಡುಗಿ.

"ಬ್ಯಾಂಕ್ ಕೆಲ್ಸ ಅಂದ್ರ ಆಸ ಸಾರ್ ಇವ್ಳಿಗ. ಆದ್ರ ಲೆಕ್ಕ ಬತ್ತಿಲ್ಲ. ಎಸ್ಸೆಸ್ಸೆಲ್ಸಿಲಿ ನಲವತ್ತೊಂದು. ಸುಮ್ನ ಬೇರೆ ಏನಾರ ಓದ್ಸಲಾ?" ಅಂದರು ಅಪ್ಪ. ಹುಡುಗಿ ನೆಲ ನೋಡುತ್ತಿದ್ದಳು.

"ನನ್ನದು ಮೂವತ್ತಾರು" ಅಂದೆ. ಅವರಿಗೆ ಅರ್ಥವಾಗಲಿಲ್ಲ. "ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಾನು ತೆಗೆದದ್ದು ಮೂವತ್ತಾರು ಕಣಮ್ಮ. ಪಾಸಿಗೆ ಬೇಕಾದ್ದಕ್ಕಿಂತ ಒಂದೇ ಒಂದು ಹೆಚ್ಚು" ಅಂದಾಗ ಆ ಕೂಸು ತಲೆ ಎತ್ತಿ ನೋಡಿತು.

ಆ ಸಂಜೆ ಅವಳಿಗೆ ಹೇಳಿದ್ದನ್ನೇ ಇವತ್ತು ನಿಮ್ಮೆಲ್ಲರ ಮುಂದೆ ಹೇಳುತ್ತೇನೆ. 1985ರಿಂದ 2020ರವರೆಗೆ, ಮೂವತ್ತೈದು ವರ್ಷ, ನಾನು ಒಂದು ಗ್ರಾಮೀಣ ಬ್ಯಾಂಕಿನಲ್ಲಿ ದುಡಿದೆ. ಅಷ್ಟೂ ವರ್ಷದಲ್ಲಿ ನನ್ನ ಎಸ್ಸೆಸ್ಸೆಲ್ಸಿ ಗಣಿತದ ಅಂಕ ಎಷ್ಟೆಂದು ಒಬ್ಬ ಗ್ರಾಹಕರೂ ಕೇಳಲಿಲ್ಲ, ಒಬ್ಬ ಮೇಲಧಿಕಾರಿಯೂ ಕೇಳಲಿಲ್ಲ.

ಮೊದಲು ನಿಯಮ ಏನೆಂದು ನೋಡೋಣ. ಸರ್ಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಗೂ ಪ್ರೊಬೆಷನರಿ ಅಧಿಕಾರಿ ಹುದ್ದೆಗೂ ಪರೀಕ್ಷೆ ನಡೆಸುವುದು ಐಬಿಪಿಎಸ್ ಎಂಬ ಸಂಸ್ಥೆ. ಸ್ಟೇಟ್ ಬ್ಯಾಂಕಿನದು ಪ್ರತ್ಯೇಕ ಪರೀಕ್ಷೆ. ಇವಕ್ಕೆಲ್ಲ ಕೇಳುವುದು ಮಾನ್ಯತೆ ಪಡೆದ ವಿಶ್ವವಿದ್ಯಾನಿಲಯದ ಯಾವುದಾದರೂ ಒಂದು ಪದವಿ. ಕನ್ನಡ ಬಿ.ಎ. ಆಗಬಹುದು, ಇತಿಹಾಸ ಆಗಬಹುದು, ಮುಕ್ತ ವಿಶ್ವವಿದ್ಯಾನಿಲಯದ ಪದವಿಯೂ ಆಗಬಹುದು. ಹತ್ತನೇ ತರಗತಿಯ ಗಣಿತದಲ್ಲಿ ಇಷ್ಟು ಬಂದಿರಬೇಕು, ಪಿಯುಸಿಯಲ್ಲಿ ಗಣಿತ ತೆಗೆದುಕೊಂಡಿರಬೇಕು ಎನ್ನುವ ಷರತ್ತು ಇಲ್ಲ. ಗುಮಾಸ್ತ ಹುದ್ದೆಗೆ ವಯಸ್ಸು 20ರಿಂದ 28. ಪರಿಶಿಷ್ಟ ಜಾತಿ, ಪಂಗಡದವರಿಗೆ ಐದು ವರ್ಷ, ಹಿಂದುಳಿದ ವರ್ಗದವರಿಗೆ ಮೂರು ವರ್ಷ ಸಡಿಲಿಕೆ ಉಂಟು. ಗುಮಾಸ್ತ ಹುದ್ದೆಗೆ ಸಂದರ್ಶನವೂ ಇಲ್ಲ. ಯಾರೋ ಪರಿಚಯದವರ ಮೂಲಕ ಬ್ಯಾಂಕ್ ಕೆಲಸ ಕೊಡಿಸುತ್ತೇನೆ ಎಂದು ದುಡ್ಡು ಕೇಳಿದರೆ ಅಂಥವರನ್ನು ಬಾಗಿಲಿನಿಂದಲೇ ಕಳಿಸಿ.

ಹಾಗಾದರೆ ಲೆಕ್ಕವೇ ಬೇಡವೇ? ಬೇಕು. ಬೇಡ ಎಂದು ಹೇಳಿದರೆ ನಿಮಗೆ ಮೋಸ ಮಾಡಿದಂತೆ. ಗುಮಾಸ್ತ ಹುದ್ದೆಯ ಪ್ರಾಥಮಿಕ ಪರೀಕ್ಷೆಯಲ್ಲಿ ನೂರು ಪ್ರಶ್ನೆ, ಒಂದು ಗಂಟೆ. ಇಂಗ್ಲಿಷ್ 30, ಲೆಕ್ಕ 35, ತಾರ್ಕಿಕ ಪ್ರಶ್ನೆ 35, ಒಂದೊಂದಕ್ಕೂ ಇಪ್ಪತ್ತೇ ನಿಮಿಷ. ಇಪ್ಪತ್ತು ನಿಮಿಷಕ್ಕೆ 35 ಲೆಕ್ಕ ಅಂದರೆ ಒಂದಕ್ಕೆ 34 ಸೆಕೆಂಡು. ಕ್ಯಾಲ್ಕ್ಯುಲೇಟರ್ ಇಲ್ಲ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಪ್ರತಿಯೊಂದು ವಿಭಾಗದಲ್ಲೂ ಕನಿಷ್ಠ ಅಂಕ ಬರಲೇಬೇಕು. ಆದ್ದರಿಂದ ಲೆಕ್ಕವನ್ನು ಪೂರ್ತಿ ಕೈಬಿಟ್ಟು ಉಳಿದದ್ದರಲ್ಲಿ ಎಳೆದುಕೊಳ್ಳುತ್ತೇನೆ ಅನ್ನುವ ಉಪಾಯ ನಡೆಯುವುದಿಲ್ಲ.

ಆದರೆ ಆ 35 ಪ್ರಶ್ನೆ ಎಂಥವು ಎಂದು ಒಮ್ಮೆ ಹಳೆಯ ಪ್ರಶ್ನೆಪತ್ರಿಕೆ ತೆರೆದು ನೋಡಿ. ಹತ್ತನೇ ತರಗತಿಯಲ್ಲಿ ನಮ್ಮ ರಕ್ತ ಹೀರಿದ ಪ್ರಮೇಯಗಳ ಸಾಧನೆ ಅಲ್ಲಿಲ್ಲ. ಸೈನ್ ತೀಟಾ, ಕಾಸ್ ತೀಟಾ ಇಲ್ಲ. ಇರುವುದು ಕೂಡು, ಕಳೆ, ಗುಣಿಸು, ಭಾಗಿಸು, ಶೇಕಡ, ಸರಾಸರಿ, ಅನುಪಾತ, ಲಾಭ ನಷ್ಟ, ಬಡ್ಡಿ, ಆಳು ಮತ್ತು ದಿನ. ಹೆಚ್ಚೆಂದರೆ ಒಂದು ಕೋಷ್ಟಕ ಕೊಟ್ಟು ಅದರ ಮೇಲೆ ನಾಲ್ಕೈದು ಪ್ರಶ್ನೆ, ಕೆಲವೊಮ್ಮೆ ಒಂದಿಷ್ಟು ವರ್ಗ ಸಮೀಕರಣ. ಬಹುಪಾಲು ಎಂಟನೇ ತರಗತಿಯೊಳಗೆ ಮುಗಿಯುವ ಲೆಕ್ಕ. ಕಷ್ಟವಿರುವುದು ಆ 34 ಸೆಕೆಂಡಿನಲ್ಲಿ. ಮುಖ್ಯ ಪರೀಕ್ಷೆ, ಅದರಲ್ಲೂ ಅಧಿಕಾರಿ ಹುದ್ದೆಯ ಮುಖ್ಯ ಪರೀಕ್ಷೆಯ ಕೋಷ್ಟಕಗಳು ನಿಜವಾಗಿ ಬಿಗಿ. ಅದನ್ನೂ ಮುಚ್ಚಿಡುವುದಿಲ್ಲ.

ನಮ್ಮ ಕಡೆಯ ಮಕ್ಕಳಿಗೆ ಲೆಕ್ಕ ಬರುವುದಿಲ್ಲ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಆ ಹುಡುಗಿಯ ಮನೆಯಲ್ಲಿ ರೇಷ್ಮೆ ಬೆಳೆ ಇದೆ. "ಈ ಸಲ ಎಷ್ಟು ಮೊಟ್ಟೆ ಕಟ್ಟಿದ್ರಿ?" ಅಂದೆ. "ನೂರೈವತ್ತು" ಅಂದಳು. "ಗೂಡು ಎಷ್ಟಾಗಬಹುದು?" "ನೂರು ಮೊಟ್ಟೆಗೆ ಅರವತ್ತೈದು ಕೆ.ಜಿ. ಬಂದ್ರೆ ತೊಂಬತ್ತೇಳೂವರೆ ಸಾರ್." ಬೆರಳು ಮಡಿಸಲಿಲ್ಲ, ಪೆನ್ನು ತೆಗೆಯಲಿಲ್ಲ. "ಕೆ.ಜಿ.ಗೆ ನಾನೂರೈವತ್ತು ಸಿಕ್ಕರೆ?" ಒಂದು ಕ್ಷಣ ಮೇಲೆ ನೋಡಿ, "ನೂರು ಕೆ.ಜಿ.ಗಾದ್ರೆ ನಲವತ್ತೈದು ಸಾವಿರ, ಎರಡೂವರೆ ಕೆ.ಜಿ.ದು ಕಳೀಬೇಕು, ನಲವತ್ಮೂರು ಸಾವಿರದ ಎಂಟುನೂರ ಎಪ್ಪತ್ತೈದು" ಅಂದಳು. ನಾನು ಮನಸ್ಸಿನಲ್ಲೇ ಮಾಡಿ ನೋಡಿದೆ. ಸರಿಯಾಗಿತ್ತು. ಇಡೀ ನೂರಕ್ಕೆ ಮಾಡಿ ಹೆಚ್ಚಾದದ್ದನ್ನು ಕಳೆಯುವ ಇದೇ ಕೈಚಳಕವನ್ನು ಮೈಸೂರಿನ ಕೋಚಿಂಗ್ ಸೆಂಟರುಗಳಲ್ಲಿ 'ಶಾರ್ಟ್‌ಕಟ್' ಎಂದು ಫೀಸು ತೆಗೆದುಕೊಂಡು ಕಲಿಸುತ್ತಾರೆ.

ಹುಳು ಪೊರೆ ಬಿಡುವ ಮೂರನೇ ಜ್ವರ ಎದ್ದಾಗ ಎಷ್ಟು ಸೊಪ್ಪು, ನಾಲ್ಕನೇ ಜ್ವರ ಎದ್ದ ಮೇಲೆ ಎಷ್ಟು ಹೊರೆ, ಗೂಡು ಕಟ್ಟಿಸಲು ಎಷ್ಟು ಚಂದ್ರಿಕೆ ಬೇಕಾದೀತು, ಇದೆಲ್ಲ ಅನುಪಾತವಲ್ಲದೆ ಮತ್ತೇನು? ಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವವರು ರೆಂಡಿಟ್ಟಾ ಅನ್ನುತ್ತಾರೆ. ಏಳು ಕೆ.ಜಿ. ಗೂಡಿಗೆ ಒಂದು ಕೆ.ಜಿ. ನೂಲು ಬಂದರೆ ರೆಂಡಿಟ್ಟಾ ಏಳು. ಓದು ಬರಹ ಇಲ್ಲದವರೂ ಒಂದು ಹಿಡಿ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಆ ಲೆಕ್ಕಕ್ಕೆ ಕೈ ಹಾಕುತ್ತಾರೆ. ಶಾಲೆಯಲ್ಲಿ ಇದೇ ಲೆಕ್ಕ ಎಕ್ಸ್, ವೈ ವೇಷ ಹಾಕಿಕೊಂಡು ಬಂದಾಗ ನಾವು ಗುರುತು ಹಿಡಿಯದೆ ಹೆದರಿಬಿಟ್ಟೆವು.

ನಮ್ಮ ಅಜ್ಜಿಯ ಮಾತು ಹೇಳಲೇಬೇಕು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂದರೂ ಅವರು ಸಾಯುವ ತನಕ ಆಣೆಯಲ್ಲೇ ಮಾತಾಡಿದರು. ರೂಪಾಯಿಗೆ ಹದಿನಾರಾಣೆ. ನಾಲ್ಕಾಣೆ ಎಂದರೆ ಶೇಕಡ 25, ಎರಡಾಣೆ ಎಂದರೆ ಹನ್ನೆರಡೂವರೆ, ಆರಾಣೆ ಎಂದರೆ ಮೂವತ್ತೇಳೂವರೆ. ಈಗ ಪರೀಕ್ಷೆಯಲ್ಲಿ 640ರ ಶೇಕಡ 37.5 ಎಷ್ಟು ಎಂದು ಕೇಳುತ್ತಾರೆ. ಮಕ್ಕಳು ದಶಾಂಶ ಬರೆದುಕೊಂಡು ಗುಣಿಸಲು ಹೊರಡುತ್ತಾರೆ, ಅರ್ಧ ನಿಮಿಷ ಅಲ್ಲೇ ಹೋಯಿತು. ಆರಾಣೆ ಅಂದರೆ ಎಂಟರಲ್ಲಿ ಮೂರು ಪಾಲು. 640ರ ಎಂಟನೇ ಒಂದು 80, ಮೂರು ಪಾಲು 240. ಅಜ್ಜಿಗೆ ಎಲೆಅಡಿಕೆ ಜಗಿಯುತ್ತಲೇ ಹೇಳುವಷ್ಟು ಸಲೀಸು. ಇಪ್ಪತ್ತರ ತನಕ ಮಗ್ಗಿ, ಮೂವತ್ತರ ತನಕ ವರ್ಗ, ಕಾಲು ಅರೆ ಮುಕ್ಕಾಲು ಅರೆಕಾಲುಗಳ ಶೇಕಡ, ಇಷ್ಟನ್ನು ಬಾಯಿಗೆ ಬರಿಸಿಕೊಂಡರೆ ಆ 34 ಸೆಕೆಂಡು ಸ್ವಲ್ಪ ಸಡಿಲವಾಗುತ್ತದೆ. ದಿನಕ್ಕೆ ಒಂದು ಗಂಟೆಯಂತೆ ಎಂಟು ತಿಂಗಳು ಕೂತರೆ ಸಾಕು ಅನ್ನುವುದು ನನ್ನ ಅಂದಾಜು. ಬರುವ 20ನ್ನು ಸರಿಯಾಗಿ ಮಾಡಿ, ಬಾರದ 15ನ್ನು ಮುಟ್ಟದೆ ಬಿಡುವ ಧೈರ್ಯವೂ ಬೇಕು. ನಮ್ಮ ಹೈಕಳು ಸೋಲುವುದು ಹೆಚ್ಚಾಗಿ ಇಲ್ಲಿ. ಬಿಟ್ಟರೆ ಮರ್ಯಾದೆ ಹೋಯಿತು ಎಂಬಂತೆ ಎಲ್ಲಕ್ಕೂ ಕೈ ಹಾಕಿ, ಬಂದ ಅಂಕವನ್ನೂ ಕಳೆದುಕೊಂಡು ಬರುತ್ತಾರೆ.

ಇನ್ನು ಬ್ಯಾಂಕಿನ ಒಳಗಿನ ಲೆಕ್ಕ. ಅದು ಬೇರೆಯೇ ಲೋಕ.

ನಾನು ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡರೆ ಕಾಲು ಜೋಮು ಹಿಡಿಯುವಂಥ ಲೆಡ್ಜರುಗಳು. ಪ್ರತಿ ಖಾತೆಗೂ ಒಂದು ಹಾಳೆ. ಆಗಾಗ ಎಲ್ಲ ಖಾತೆಗಳ ಬಾಕಿಯನ್ನು ಒಂದು ಉದ್ದ ಪುಸ್ತಕಕ್ಕೆ ಇಳಿಸಿ ಕೂಡಬೇಕು. ಬಂದ ಮೊತ್ತ ಜನರಲ್ ಲೆಡ್ಜರಿನ ಮೊತ್ತಕ್ಕೆ ಪೈಸೆ ಸಮೇತ ತಾಳೆಯಾಗಬೇಕು. ಅದಕ್ಕೆ ಬ್ಯಾಲೆನ್ಸಿಂಗ್ ಅನ್ನುತ್ತಿದ್ದೆವು. ಸೇರಿದ ಮೊದಲ ವರ್ಷ ಒಂದು ದಿನ ನನ್ನ ಮೊತ್ತ 270 ರೂಪಾಯಿ ಕಡಿಮೆ ಬಂತು. ಸಾವಿರಕ್ಕೆ ಹತ್ತಿರ ಖಾತೆಗಳು. ಒಂದೊಂದನ್ನೂ ಮತ್ತೆ ನೋಡಲು ಶುರು ಮಾಡಿದೆ. ಸಂಜೆ ಏಳಾಯಿತು, ಕರೆಂಟು ಹೋಯಿತು, ಲಾಟೀನು ಹಚ್ಚಿಕೊಂಡೆ. ಕಣ್ಣಲ್ಲಿ ನೀರು. ಮೂವತ್ತಾರು ಅಂಕದವನು ಇಲ್ಲಿಗೆ ಬರಲೇಬಾರದಿತ್ತು ಅನ್ನಿಸಿತು.

ಹಿರಿಯ ಗುಮಾಸ್ತರೊಬ್ಬರು ಮನೆಗೆ ಹೊರಟವರು ನಿಂತರು. "ಎಷ್ಟಯ್ಯಾ ಡಿಫರೆನ್ಸು?" ಅಂದರು. ಹೇಳಿದೆ. "ಒಂಬತ್ತರಿಂದ ಹೋಗುತ್ತಾ ನೋಡು." ಹೋಗುತ್ತಿತ್ತು, ಮೂವತ್ತು ಸಲ. "ಹಾಗಾದರೆ ಎಲ್ಲೋ ಎರಡು ಅಂಕಿ ಹಿಂದುಮುಂದಾಗಿವೆ. ತೊಂಬತ್ತು ಮೂರಲೆ ಇನ್ನೂರ ಎಪ್ಪತ್ತು. ನೂರರ ಸ್ಥಾನದ ಅಂಕಿಗೂ ಹತ್ತರ ಸ್ಥಾನದ ಅಂಕಿಗೂ ಮೂರು ವ್ಯತ್ಯಾಸ ಇರುವ ಬಾಕಿ ಮಾತ್ರ ಹುಡುಕು, ಉಳಿದದ್ದು ಮುಟ್ಟಬೇಡ" ಅಂದು ಛತ್ರಿ ತೆಗೆದುಕೊಂಡು ಹೋದರು. ಹದಿನೈದು ನಿಮಿಷದಲ್ಲಿ ಸಿಕ್ಕಿತು. 1,410 ಇದ್ದದ್ದನ್ನು ನಾನು 1,140 ಎಂದು ಇಳಿಸಿದ್ದೆ.

ಮನೆಗೆ ಹೋದವನಿಗೆ ನಿದ್ದೆ ಬರಲಿಲ್ಲ. ಇದು ಹೇಗಾಯಿತು ಎಂದು ಕಾಗದದ ಮೇಲೆ ಬರೆದು ನೋಡಿದೆ. ನೂರರ ಸ್ಥಾನದ ಅಂಕಿ ಎ, ಹತ್ತರ ಸ್ಥಾನದ್ದು ಬಿ. ನೂರು ಎ, ಹತ್ತು ಬಿ. ತಿರುಗಿಸಿದರೆ ನೂರು ಬಿ, ಹತ್ತು ಎ. ಒಂದರಿಂದ ಒಂದು ಕಳೆದರೆ ತೊಂಬತ್ತು ಇಂಟು ಎ ಮೈನಸ್ ಬಿ. ಹೈಸ್ಕೂಲಿನಲ್ಲಿ ನನಗೆ ಬೆತ್ತದ ರುಚಿ ತೋರಿಸಿದ ಅದೇ ಎ ಮೈನಸ್ ಬಿ! ಅದು ಯಾವ ಕೆಲಸಕ್ಕೆ ಬರುತ್ತದೆ ಎಂದು ಆಗ ಯಾರಾದರೂ ಒಂದು ಲೆಡ್ಜರು ತಂದು ತೋರಿಸಿದ್ದರೆ ನನ್ನ ಅಂಕ ಬೇರೆಯಾಗಿರುತ್ತಿತ್ತೋ ಏನೋ. ವ್ಯತ್ಯಾಸ ಸಮಸಂಖ್ಯೆಯಾಗಿದ್ದರೆ ಅದರ ಅರ್ಧವನ್ನು ಹುಡುಕು, ಜಮೆಗೆ ಬರೆಯಬೇಕಾದ್ದನ್ನು ಖರ್ಚಿಗೆ ಬರೆದಿರಬಹುದು ಅನ್ನುವ ಇನ್ನೊಂದು ಸೂತ್ರವನ್ನೂ ಅವರೇ ಕಲಿಸಿದರು. ಅವರು ಕಲಾ ಪದವೀಧರರು.

ಈಗ ಕೂಡುವ ಕೆಲಸ ಯಂತ್ರದ್ದು. ಬಡ್ಡಿಯನ್ನು ಸಾಫ್ಟ್‌ವೇರ್ ಹಾಕುತ್ತದೆ. ಆದರೆ ಆ ಬಡ್ಡಿ ಯಾಕೆ ಇಷ್ಟು ಬಂತು ಎಂದು ಕೌಂಟರಿನ ಆಚೆ ನಿಂತವರಿಗೆ ಹೇಳುವುದು ಮನುಷ್ಯನೇ. 2010ರ ಮಾರ್ಚ್ ತನಕ ಉಳಿತಾಯ ಖಾತೆಗೆ ಒಂದು ವಿಚಿತ್ರ ನಿಯಮ ಇತ್ತು. ತಿಂಗಳ ಹತ್ತನೇ ತಾರೀಕಿನಿಂದ ಕೊನೆಯ ದಿನದವರೆಗೆ ಇದ್ದ ಅತಿ ಕಡಿಮೆ ಬಾಕಿಗೆ ಮಾತ್ರ ಬಡ್ಡಿ. ಗೂಡು ಮಾರಿದ ದುಡ್ಡನ್ನು ಹನ್ನೊಂದನೇ ತಾರೀಕು ತಂದು ಕಟ್ಟಿದರೆ ಆ ತಿಂಗಳು ಅದಕ್ಕೆ ಬಿಡಿಗಾಸಿಲ್ಲ. ಒಬ್ಬ ಯಜಮಾನರಿಗೆ ಇದನ್ನು ನಾನು ಮೂರು ಸಲ ಬಿಡಿಸಿ ಹೇಳಿದ್ದೆ. ಆಮೇಲೆ ಅವರು ಮಳೆ ಬರಲಿ ಬಿಸಿಲಿರಲಿ ಒಂಬತ್ತನೇ ತಾರೀಕಿನೊಳಗೆ ಬಂದು, "ಬುದ್ದಿ, ಹತ್ತಾಗಿಲ್ವಲ್ಲ?" ಎಂದು ಕೇಳಿಯೇ ದುಡ್ಡು ಎಣಿಸುತ್ತಿದ್ದರು. 2010ರ ಏಪ್ರಿಲ್ 1ರಿಂದ ದಿನದ ಬಾಕಿಗೆ ಬಡ್ಡಿ ಹಾಕುವ ಪದ್ಧತಿ ಬಂತು, ಅವರ ಆ ಓಟ ತಪ್ಪಿತು.

ಈಗ ಇದಕ್ಕಿಂತ ದೊಡ್ಡ ಲೆಕ್ಕ ಹಳ್ಳಿ ಬಾಗಿಲಿಗೆ ಬಂದಿದೆ. ಹತ್ತು ಸಾವಿರ ಸಾಲ, ವರ್ಷಕ್ಕೆ ಹನ್ನೆರಡೇ ಪರ್ಸೆಂಟು, ಹನ್ನೆರಡು ಕಂತು, ಒಟ್ಟು ಹನ್ನೊಂದು ಸಾವಿರದ ಇನ್ನೂರು ಎಂದು ಯಾರೋ ಹೇಳುತ್ತಾರೆ. ಕೇಳಲು ಸುಲಭ. ಆದರೆ ತಿಂಗಳು ತಿಂಗಳೂ ಅಸಲು ಕರಗುತ್ತಿರುತ್ತದೆ. ವರ್ಷದುದ್ದಕ್ಕೂ ನಿಮ್ಮ ಕೈಯಲ್ಲಿದ್ದದ್ದು ಸರಾಸರಿ 5,400 ರೂಪಾಯಿ ಅಷ್ಟೇ. ಅದಕ್ಕೆ 1,200 ಕೊಟ್ಟರೆ ನಿಜವಾದ ಬಡ್ಡಿ ಶೇಕಡ 22ರ ಹತ್ತಿರ. ಕಿರು ಸಾಲ ವಸೂಲಿಯ ಕಿರುಕುಳ ತಾಳಲಾರದೆ ಜನ ಊರು ಬಿಟ್ಟ ಸುದ್ದಿ ನಮ್ಮ ಜಿಲ್ಲೆಯಿಂದಲೇ ಬಂತು. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅದಕ್ಕಾಗಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಈ ಸರಾಸರಿಯ ಲೆಕ್ಕವನ್ನು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ಒಬ್ಬ ಗುಮಾಸ್ತೆ ಕೌಂಟರಿನಲ್ಲಿದ್ದರೆ ಎಷ್ಟು ಮನೆ ಉಳಿಯುತ್ತದೆ ಯೋಚಿಸಿ. ಅವಳು ಗಣಿತದಲ್ಲಿ ನೂರಕ್ಕೆ ನೂರು ತೆಗೆದವಳೇ ಆಗಬೇಕಿಲ್ಲ. ಒಮ್ಮೆ ತಾನೇ ತಿಣುಕಾಡಿ ಕಲಿತವಳು ಇನ್ನೊಬ್ಬರಿಗೆ ಚೆನ್ನಾಗಿ ಹೇಳುತ್ತಾಳೆ. ಇದು ನನ್ನ ಅನುಭವ, ನೀವು ಒಪ್ಪದಿದ್ದರೂ ಸರಿಯೇ.

ಬ್ಯಾಂಕು ಕಟ್ಟಿದವರಾದರೂ ಯಾರು? 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಬೀಜ ನೆಟ್ಟ ಅಮ್ಮೆಂಬಳ ಸುಬ್ಬರಾವ್ ಪೈಗಳು ವಕೀಲರು. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ ಮೂವರಲ್ಲಿ ಟಿ.ಎಂ.ಎ. ಪೈ ಡಾಕ್ಟರು, ಉಪೇಂದ್ರ ಪೈ ವ್ಯಾಪಾರಿ, ವಾಮನ ಕುಡ್ವ ಎಂಜಿನಿಯರು. 1928ರಲ್ಲಿ ಅವರು ತಂದ ಪಿಗ್ಮಿ ಯೋಜನೆಯ ಗಣಿತ ಏನು ಗೊತ್ತೇ? ದಿನಕ್ಕೆ ಎರಡಾಣೆ. ಮನೆ ಬಾಗಿಲಿಗೆ ಹೋಗಿ ಎರಡಾಣೆ ಎತ್ತಿಕೊಂಡು ಬರುವುದು. ಬಡವರ ಜೇಬು ಗೊತ್ತಿದ್ದವರಿಗೆ ಹೊಳೆಯುವ ಲೆಕ್ಕ ಅದು.

ನಮ್ಮ ಕಡೆಯ ಮಕ್ಕಳಿಗೆ ನಿಜವಾದ ಗೋಡೆ ಲೆಕ್ಕವಲ್ಲ, ಇಂಗ್ಲಿಷ್ ಅನ್ನುವುದು ನನ್ನ ಅನಿಸಿಕೆ. ಅದಕ್ಕೇ ಮೊದಲು ಗ್ರಾಮೀಣ ಬ್ಯಾಂಕಿನ ಪರೀಕ್ಷೆ ಬರೆಯಿರಿ ಎಂದು ಹೇಳುತ್ತೇನೆ. ಅದರ ಕಚೇರಿ ಸಹಾಯಕ ಹುದ್ದೆಯ ಪ್ರಾಥಮಿಕ ಪರೀಕ್ಷೆಯಲ್ಲಿ ಇಂಗ್ಲಿಷ್ ಪತ್ರಿಕೆಯೇ ಇಲ್ಲ. ತಾರ್ಕಿಕ 40, ಲೆಕ್ಕ 40, ನಲವತ್ತೈದು ನಿಮಿಷ. 2019ರಿಂದ ಅದನ್ನು ಕನ್ನಡದಲ್ಲೂ ಬರೆಯಬಹುದು. ಸರ್ಕಾರಿ ಬ್ಯಾಂಕುಗಳ ಗುಮಾಸ್ತ ಪರೀಕ್ಷೆಯ ಎರಡೂ ಹಂತ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯಬೇಕೆಂದು ಹಣಕಾಸು ಸಚಿವಾಲಯ 2021ರ ಸೆಪ್ಟೆಂಬರಿನಲ್ಲಿ ಹೇಳಿತು. ಇಂಗ್ಲಿಷ್ ವಿಭಾಗ ಮಾತ್ರ ಇಂಗ್ಲಿಷಿನಲ್ಲೇ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಚಕ್ರಬಡ್ಡಿ ಎಂದರೆ ತಟ್ಟನೆ ಹೊಳೆಯುತ್ತದೆ, ಕಾಂಪೌಂಡ್ ಇಂಟರೆಸ್ಟ್ ಎಂದರೆ ಒಂದು ಕ್ಷಣ ತಡವಾಗುತ್ತದೆ. 34 ಸೆಕೆಂಡಿನ ಆಟದಲ್ಲಿ ಆ ಒಂದು ಕ್ಷಣವೂ ದುಡ್ಡೇ. ಒಂದು ಎಚ್ಚರಿಕೆ. ನಮ್ಮ ಭಾಗದ ಕಾವೇರಿ ಗ್ರಾಮೀಣ ಬ್ಯಾಂಕು 2019ರಲ್ಲಿ ಪ್ರಗತಿ ಕೃಷ್ಣದ ಜೊತೆ ಸೇರಿತು, 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಕೂಡಿಕೊಂಡು ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕಾಯಿತು. ಕೇಂದ್ರ ಕಚೇರಿ ಬಳ್ಳಾರಿ. ಕಾಮಗೆರೆಯ ಹುಡುಗಿಗೆ ಬೀದರಿನ ಕಡೆ ಪೋಸ್ಟಿಂಗ್ ಬಂದರೆ ಮನೆಯವರು ಗಾಬರಿಯಾಗಬಾರದು.

ಬೇರೆ ಬಾಗಿಲುಗಳೂ ಇವೆ. ಕಾನೂನು ಓದಿದವರು ಬ್ಯಾಂಕಿನ ಕಾನೂನು ಅಧಿಕಾರಿಯಾಗಬಹುದು, ಅವರ ಪ್ರಾಥಮಿಕ ಪರೀಕ್ಷೆಯಲ್ಲಿ ಲೆಕ್ಕದ ಬದಲು ಸಾಮಾನ್ಯ ಜ್ಞಾನ ಇರುತ್ತದೆ. ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೆ ಕೃಷಿ, ತೋಟಗಾರಿಕೆ, ಪಶುಸಂಗೋಪನೆಯ ಪದವಿಗಳ ಜೊತೆಗೆ ರೇಷ್ಮೆ ಕೃಷಿಯ ಪದವಿಯೂ ನಡೆಯುತ್ತದೆ. ಕೊಳ್ಳೇಗಾಲ ಸೀಮೆಯವರು ಇದನ್ನು ಯಾಕೆ ಗಮನಿಸುವುದಿಲ್ಲವೋ ನನಗೆ ತಿಳಿಯದು. ಪದವಿ ತನಕ ಓದಲಾಗದವರಿಗೆ ಬ್ಯಾಂಕ್ ಮಿತ್ರರ ಕೆಲಸ ಇದೆ. ಊರಲ್ಲೇ ಕೂತು ಪಿಂಚಣಿ, ಕೂಲಿ ಹಣ ಬಟವಾಡೆ ಮಾಡುವುದು. ವರಮಾನ ಕಮಿಷನ್ ಮೇಲೆ, ಹೆಚ್ಚೇನಲ್ಲ. ಆದರೂ ದುಡ್ಡಿನ ಜೊತೆ ಕೈ ಪಳಗುತ್ತದೆ.

ಆ ಹುಡುಗಿಗೆ ಅಂದು ಟೀ ಅಂಗಡಿಯ ಬಿಲ್ಲಿನ ಹಿಂದೆ ಒಂಬತ್ತರ ಸೂತ್ರ ಬರೆದುಕೊಟ್ಟು ಕಳಿಸಿದ್ದೆ. ಎಂಟು ದಿನ ಬಿಟ್ಟು ಕಾಲೇಜಿನಿಂದ ಬಸ್ಸಿಳಿದವಳು ನೇರ ನನ್ನ ಬೆಂಚಿನ ಹತ್ತಿರ ಬಂದು ನಿಂತಳು.

"ಸಾರ್, ನಿಮ್ಮ ಮೂವತ್ತಾರು ಇದೆಯಲ್ಲ, ಅದು ಅರವತ್ತಮೂರೇ ಇದ್ದಿರಬಹುದು" ಅಂದಳು.

"ಅದು ಹೇಗಮ್ಮ?"

"ಅರವತ್ತಮೂರರಲ್ಲಿ ಮೂವತ್ತಾರು ಕಳೆದ್ರೆ ಇಪ್ಪತ್ತೇಳು. ಒಂಬತ್ತರಿಂದ ಹೋಗುತ್ತೆ. ಬರೆಯೋರು ತಿರುಗಿಸಿ ಬರ್ದವ್ರ ಸಾರ್."

ಟೀ ಅಂಗಡಿಯವರು ನನಗಿಂತ ಮೊದಲು ನಕ್ಕರು.